ಒಗ್ಗರಣೆ ಸೌಟಿನಲ್ಲಿ ಅಗಸೆ ಎಣ್ಣೆ

ಆ ಸೀಸೆಯನ್ನು ಮನೆಗೆ ತಂದ ಸಂಜೆ ನನಗೆ ಚೀಲ ಕೆಳಗಿಡುವಷ್ಟೂ ತಾಳ್ಮೆ ಇರಲಿಲ್ಲ. ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ನುಗ್ಗಿ, ಮುಚ್ಚಳ ತಿರುಗಿಸಿ, ಅಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಹೊಂಬಣ್ಣದ ಎಣ್ಣೆ. ಹಸಿ ಕಡಲೆಕಾಯಿ ಅಗಿದಾಗ ನಾಲಗೆಯ ಮೇಲೆ ಉಳಿಯುತ್ತದಲ್ಲ, ಹೆಚ್ಚು ಕಡಿಮೆ ಆ ರುಚಿ. ಕೊನೆಯಲ್ಲಿ ಒಂಚೂರು ಕಹಿ.

"ರೀ, ಬನ್ರೀ ಇಲ್ಲಿ! ಸಿಕ್ಬುಡ್ತು!"

ನಮ್ಮ ಯಜಮಾನರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮಕ್ಕಳನ್ನು ಮೈದಾನದಲ್ಲಿ ಓಡಿಸುವವರು, ತಾವು ಮಾತ್ರ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದುವವರು. ಬಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಕುಡಿಯೋದೋ, ತಲೆಗೆ ಹಚ್ಕೊಳ್ಳೋದೋ?"

"ಎರಡೂ ಅಲ್ಲ. ನಿಮ್ಮ ರಕ್ತಕ್ಕೆ."

ಅವರ ರಕ್ತದ ವಿಷಯ ಹೇಳದೆ ಈ ಎಣ್ಣೆಯ ವಿಷಯ ಹೇಳುವಂತಿಲ್ಲ. ಶಾಲೆಯಲ್ಲಿ ಎಲ್ಲರಿಗೂ ತಪಾಸಣೆ ಮಾಡಿದಾಗ ಇವರ ರಕ್ತದಲ್ಲಿ ಕೊಬ್ಬು ಜಾಸ್ತಿ ಎಂದು ಬಂದಿತ್ತು. ಒಂಟಿಕೊಪ್ಪಲಿನ ಒಂದು ಚಿಕ್ಕ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ರಿಪೋರ್ಟು ನೋಡಿ, ಕರಿದದ್ದು ಬಿಡಿ, ದಿನಾ ನಡೀರಿ, ಒಮೆಗಾ ತ್ರೀ ಇರುವಂಥದ್ದನ್ನು ಊಟದಲ್ಲಿ ಸೇರಿಸಿಕೊಳ್ಳಿ, ಮೂರು ತಿಂಗಳು ಬಿಟ್ಟು ನೋಡೋಣ, ಇಳಿಯದಿದ್ದರೆ ಮಾತ್ರೆ ಶುರುಮಾಡೋಣ ಎಂದರು. ಆಮೇಲೆ ಕೇಳಿದರು, "ಮೀನು ತಿಂತೀರಾ?"

ಇವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮೆಟ್ಟಿಲು ಇಳಿಯುವಾಗ ಹೇಳಿದ್ದೇ ಹೇಳಿದ್ದು, "ಡಾಕ್ಟ್ರೇ ಹೇಳವ್ರೆ ಕಣೇ, ಮೀನು ತಿನ್ನಿ ಅಂತ! ಡಾಕ್ಟ್ರೇ!"

"ಹೇಳಿದ್ದು ಮೀನು. ನಿಮ್ಮಕ್ಕ ಕರಿಯೋ ಥರ ಕರಿದ ಮೀನಲ್ಲ" ಎಂದೆ. ಅಲ್ಲಿಗೆ ಮುಖ ಅರ್ಧ ಮುಚ್ಚಿತು.

ಅವರಕ್ಕ ಇರುವುದು ವಿಜಯನಗರದಲ್ಲಿ, ಸ್ವಂತ ಮನೆ. ಭಾನುವಾರ ಅಲ್ಲಿ ಮೀನಿನ ಊಟ. ನಾವು ಹಳ್ಳಿಯಿಂದ ಬಂದ ಒಕ್ಕಲು ಮನೆತನದವರು, ಮೀನು ಮಾಂಸ ತಿಂದೇ ಬೆಳೆದವರು. ಆದರೆ ಭಾನುವಾರ ವಿಜಯನಗರದಲ್ಲಿ ಬಿಟ್ಟರೆ ಬೇರೆಲ್ಲೂ ತಿನ್ನುವುದಿಲ್ಲ. ಯಾಕೆಂದರೆ ನಾವು ಬಾಡಿಗೆಗಿರುವುದು ಅಗ್ರಹಾರದ ಒಂದು ತೊಟ್ಟಿಮನೆಯ ಮಹಡಿಯಲ್ಲಿ. ಕೆಳಗೆ ಮನೆಯ ಯಜಮಾನಿ, ಅವರ ಮಗ, ಸೊಸೆ. ನಾವೆಲ್ಲ ಆಕೆಯನ್ನು ಅಮ್ಮಾವ್ರು ಎಂದೇ ಕರೆಯುವುದು. ಮನೆ ನೋಡಲು ಬಂದ ದಿನವೇ ಅಮ್ಮಾವ್ರು ನೇರವಾಗಿ ಹೇಳಿದ್ದರು, "ನೀವು ಹೊರಗಡೆ ಏನಾದರೂ ತಿನ್ನಿ, ಅದು ನಿಮ್ಮಿಷ್ಟ. ಈ ಸೂರಿನ ಕೆಳಗೆ ಮಾತ್ರ ಬೇಡ. ಮಾತು ಕೊಡ್ತೀರಾ?" ಕೊಟ್ಟೆವು. ಮಾತಿಗೆ ಕೊಟ್ಟ ಮಾತಲ್ಲ ಅದು. ನಮ್ಮ ಮಗಳು ಆ ಮನೆಯ ಜಗಲಿಯಲ್ಲೇ ಅಂಬೆಗಾಲಿಟ್ಟವಳು, ಅಲ್ಲಿಂದಲೇ ಮದುವೆಯಾಗಿ ಹೋದಳು. ಅಷ್ಟು ವರ್ಷದಲ್ಲಿ ಆ ಮನೆಯೊಳಗೆ ಒಂದು ಮೊಟ್ಟೆಯೂ ಒಡೆದಿರಲಿಲ್ಲ.

ಹಾಗಾಗಿ ಮೀನಿಲ್ಲದೆ ಒಮೆಗಾ ಎಲ್ಲಿಂದ ಎಂದು ನಾನು ಹುಡುಕಲು ಹೊರಟೆ. ಅದೇ ಕ್ಲಿನಿಕ್ಕಿನಲ್ಲಿ ಊಟದ ವಿಚಾರ ಹೇಳಿಕೊಡುವ ಡಯಟಿಷಿಯನ್ ಒಬ್ಬರಿದ್ದರು, ನನ್ನ ಮಗಳ ವಯಸ್ಸಿನವರು. ನಾನು ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು. ಒಮೆಗಾ ಎಂದರೆ ಕೊಬ್ಬಿನಲ್ಲೇ ಒಂದು ಜಾತಿಯಂತೆ. ನಮಗೆ ಬೇಕೇ ಬೇಕಂತೆ, ಆದರೆ ದೇಹ ತಾನಾಗಿ ತಯಾರಿಸಿಕೊಳ್ಳುವುದಿಲ್ಲವಂತೆ, ಊಟದಿಂದಲೇ ಬರಬೇಕಂತೆ. ಅಗಸೆ ಬೀಜದಲ್ಲಿ ದಂಡಿಯಾಗಿದೆ, ಅಕ್ರೋಟಿನಲ್ಲಿದೆ, ಸೋಯಾದಲ್ಲಿ, ಸಾಸಿವೆಯಲ್ಲೂ ಸ್ವಲ್ಪ ಇದೆ.

"ಹುಚ್ಚೆಳ್ಳು?" ಎಂದೆ ನಾನು, ಆಸೆಯಿಂದ. ನಮ್ಮೂರ ಹೊಲದ ಅಂಚಿಗೆಲ್ಲ ರಾಗಿಯ ಜೊತೆ ಹುಚ್ಚೆಳ್ಳು ಹಾಕುತ್ತಿದ್ದರು. ಹೂ ಬಿಟ್ಟರೆ ಹೊಲಕ್ಕೆ ಹಳದಿ ಅಂಚಿನ ಸೀರೆ ಉಡಿಸಿದ ಹಾಗೆ. ಹುಚ್ಚೆಳ್ಳು ಚಟ್ನಿ, ಬಿಸಿ ಮುದ್ದೆ ಇದ್ದರೆ ನನಗೆ ಬೇರೆ ಹಬ್ಬ ಬೇಡ.

"ಹುಚ್ಚೆಳ್ಳೂ ಒಳ್ಳೇದೇ ಆಂಟಿ. ಆದ್ರೆ ಅದರಲ್ಲಿ ಜಾಸ್ತಿ ಇರೋದು ಒಮೆಗಾ ಸಿಕ್ಸ್. ಅದು ನಮಗೆ ದಿನದ ಅಡುಗೆ ಎಣ್ಣೇಲೇ ಸಿಕ್ಕಿಬಿಡುತ್ತೆ. ಕಡಿಮೆ ಬೀಳೋದು ತ್ರೀ. ಅದಕ್ಕೆ ಅಗಸೆ."

ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳನ್ನು ಮಾತ್ರ ಕಂಡಿದ್ದು, ಇಷ್ಟು ದಿನಕ್ಕೆ ಇನ್ನೊಬ್ಬಳ ಪರಿಚಯವಾದಂತೆ ಖುಷಿಯಾಯಿತು ನನಗೆ. ಮನೆಗೆ ಬರುವ ದಾರಿಯಲ್ಲೇ ಅರ್ಧ ಕೇಜಿ ಅಗಸೆ ಬೀಜ ಕಟ್ಟಿಸಿಕೊಂಡೆ. ಕಂದು ಬಣ್ಣ, ಎಳ್ಳಿಗಿಂತ ದೊಡ್ಡದು, ಕೈಯಲ್ಲಿ ಹಿಡಿದರೆ ಜಾರಿ ಓಡುವಷ್ಟು ನುಣುಪು. ಮಾರನೇ ಬೆಳಗ್ಗೆ ಉಪ್ಪಿಟ್ಟಿನ ಮೇಲೆ ಇಡೀ ಬೀಜವನ್ನೇ ಉದುರಿಸಿದೆ.

"ಏನೇ ಇದು, ಗಿಣಿಗೆ ಹಾಕೋ ಕಾಳು ನಂಗೆ ಹಾಕಿದ್ದೀಯಾ?" ಎಂದರು ಇವರು.

ಗಿಣಿಯಾದರೂ ಕಚ್ಚಿ ತಿನ್ನುತ್ತದೆ. ಇವರು ಅಗಿಯುವವರಲ್ಲ, ನುಂಗುವವರು. ಇಡೀ ಬೀಜ ನುಂಗಿದರೆ ಹೋದದ್ದು ಹೋದ ಹಾಗೇ ಆಚೆ ಬರುತ್ತದೆ, ಪುಡಿ ಮಾಡಿದರೆ ಮಾತ್ರ ದೇಹಕ್ಕೆ ಹತ್ತುತ್ತದೆ ಎಂದು ಆ ಹುಡುಗಿ ಮುಂದಿನ ಸಲ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ದಿನ ನಾನು ಒಮೆಗಾವನ್ನು ಇವರ ಹೊಟ್ಟೆಯೊಳಗೆ ಸುಮ್ಮನೆ ಪ್ರವಾಸಕ್ಕೆ ಕಳಿಸಿದ್ದೆ!

ಆಮೇಲೆ ಚಟ್ನಿಪುಡಿ. ಬಾಣಲೆ ಬೆಚ್ಚಗಾದ ಮೇಲೆ ಉರಿ ಸಣ್ಣ ಮಾಡಿ ಬೀಜ ಹಾಕಿದರೆ ಪಟಪಟ ಎಂದು ಹಾರುತ್ತದೆ. ಮೊದಲ ಪಟಪಟ ಕೇಳಿದ ತಕ್ಷಣ ಇಳಿಸಿಬಿಡಬೇಕು, ಕಪ್ಪಾಗಲು ಬಿಡಬಾರದು. ಒಣಮೆಣಸಿನಕಾಯಿ, ಒಂದಿಷ್ಟು ಕರಿಬೇವು, ಹುಣಸೆ, ಉಪ್ಪು, ಬೆಲ್ಲದ ಚೂರು. ಒಂದೇ ಸಲ ಡಬ್ಬಿ ತುಂಬ ಮಾಡಿಟ್ಟರೆ ಕಮಟು ಹಿಡಿಯುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿಕೊಂಡೆ. ಬಿಸಿ ಅನ್ನಕ್ಕೆ ಕಲಸಿ ಕೊಟ್ಟಾಗ ಇವರು ಮತ್ತೆ ಅನ್ನ ಹಾಕಿಸಿಕೊಂಡರು. ನನಗೆ ಅಷ್ಟು ಸಾಕಾಗಿತ್ತು. ಒಂದು ಬಟ್ಟಲು ಕೆಳಗೂ ಕೊಟ್ಟೆ. ಅಮ್ಮಾವ್ರು ಬಾಯಿಗೆ ಹಾಕಿಕೊಂಡು, "ಇಂಗು ಹಾಕಿಲ್ಲ ನೀನು" ಎಂದರು. ಆದರೆ ಬಟ್ಟಲು ಖಾಲಿಯಾಗಿ ಮರಳಿ ಬಂತು, ಒಳಗೆ ಅವರ ಕೈಯ ಕೊಬ್ಬರಿ ಮಿಠಾಯಿ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಆದರೆ ಒಂದು ವಿಷಯ ಚೆನ್ನಾಗಿ ಬಂದರೆ ಅದರ ಮುಂದಿನದು ಏನು ಎಂದು ನೋಡದೆ ನನಗೆ ನಿದ್ದೆ ಬರುವುದಿಲ್ಲ. ಬೀಜವೇ ಇಷ್ಟು ಒಳ್ಳೆಯದಾದರೆ ಅದರ ಎಣ್ಣೆ ಇನ್ನೆಷ್ಟು! ಮರದ ಗಾಣದ ಎಣ್ಣೆ ಮಾರುವ ಅಂಗಡಿಯಲ್ಲಿ ಆ ಚಿಕ್ಕ ಸೀಸೆ ಕೈಗೆ ಬಂದಾಗ ನನಗೆ ಹಾರಿಕೊಂಡು ಮನೆಗೆ ಬರುವಂತಾಗಿತ್ತು. ಫೋನು ಮಾಡಿ ಆ ಹುಡುಗಿಯನ್ನೂ ಕೇಳಿದೆ. "ದಿನಕ್ಕೊಂದು ಚಿಕ್ಕ ಚಮಚ ಸಾಕು ಆಂಟಿ. ಆದ್ರೆ ಅದರಲ್ಲಿ ಅಡುಗೆ ಮಾಡ್ಬೇಡಿ" ಎಂದರು.

"ಇಲ್ಲಮ್ಮ, ಖಂಡಿತ ಮಾಡಲ್ಲ" ಎಂದೆ.

ಮಾಡಲೂ ಇಲ್ಲ. ಆ ಎಣ್ಣೆಯಲ್ಲಿ ಹಪ್ಪಳ ಕರಿಯಲಿಲ್ಲ, ದೋಸೆ ಹುಯ್ಯಲಿಲ್ಲ, ತರಕಾರಿ ಬಾಡಿಸಲಿಲ್ಲ. ಒಗ್ಗರಣೆ ಹಾಕಿದೆ, ಅಷ್ಟೆ. ನಮ್ಮ ಕಡೆಯ ಯಾವ ಹೆಂಗಸನ್ನಾದರೂ ಕೇಳಿ, ಒಗ್ಗರಣೆ ಅಡುಗೆಯ ಲೆಕ್ಕಕ್ಕೆ ಬರುವುದೇ ಇಲ್ಲ. "ಅಡುಗೆ ಆಯ್ತಾ?" ಎಂದರೆ, "ಆಯ್ತು, ಒಗ್ಗರಣೆ ಹಾಕೋದೊಂದು ಬಾಕಿ" ಎನ್ನುತ್ತೇವೆ. ಅಡುಗೆ ಆದ ಮೇಲೆ ಬರುವುದು ಒಗ್ಗರಣೆ. ಎಣ್ಣೆಯನ್ನು ಹಸಿಯಾಗಿಯೇ ಪಲ್ಯದ ಮೇಲೆ ಸುರಿಯಬಹುದು ಎಂಬ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ.

ಅದೂ ಯಾವ ದಿನ ಹಾಕಿದೆ? ಅಮ್ಮಾವ್ರ ಯಜಮಾನರ ತಿಥಿಯ ದಿನ.

ಹಿಂದಿನ ಸಂಜೆಯೇ ಅಮ್ಮಾವ್ರು ಕೆಳಗಿನಿಂದ ಕೂಗಿ ಹೇಳಿದ್ದರು, "ನಾಳೆ ಇವರ ತಿಥಿ ಕಣಮ್ಮಾ. ಪುರೋಹಿತರು ಬರ್ತಾರೆ." ಆ ದಿನ ನಾನು ಮೇಲೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅವರೇನೂ ಹೇಳಿದ್ದಲ್ಲ, ನಾನೇ ಮಾಡಿಕೊಂಡ ರೂಢಿ. ಕೆಳಗೆ ಮಡಿಯಲ್ಲಿ ವಡೆ, ಎಳ್ಳುಂಡೆ, ಪಾಯಸ ಆಗುತ್ತಿರುವಾಗ ತೊಟ್ಟಿಯಿಂದ ಮೇಲೇರುವ ತುಪ್ಪದ ವಾಸನೆಗೆ ನಮ್ಮ ಈರುಳ್ಳಿ ಯಾಕೆ ಅಡ್ಡ ಬರಬೇಕು?

ಆವತ್ತು ಭಾನುವಾರ. ಇವರಿಗೆ ನೆಗಡಿಯಾಗಿತ್ತು, ಹಾಗಾಗಿ ವಿಜಯನಗರಕ್ಕೆ ಹೋಗಿರಲಿಲ್ಲ. ಹುರುಳಿಕಾಯಿ ಪಲ್ಯ ಬೆಂದಿತ್ತು. ಅಡುಗೆಮನೆಯ ಕಿಟಕಿಯಲ್ಲಿ, ಒಲೆಯ ಪಕ್ಕಕ್ಕೇ, ನನ್ನ ಹೊಂಬಣ್ಣದ ಸೀಸೆ. ಇವತ್ತು ಒಮೆಗಾ ಒಗ್ಗರಣೆಯಲ್ಲೇ ಹೋಗಲಿ ಎಂದುಕೊಂಡು ಕಬ್ಬಿಣದ ಸೌಟಿಗೆ ಧಾರಾಳವಾಗಿ ಸುರಿದೆ. ಸಾಸಿವೆ ಹಾಕಿ, ಸಿಡಿಯಲಿ ಎಂದು ಕಾದೆ. ಸಾಸಿವೆ ಸಿಡಿಯುವ ಮೊದಲೇ ಹೊಗೆ ಎದ್ದಿತು. ಹೊಗೆಯ ಜೊತೆಗೆ ವಾಸನೆ.

ಮೀನು!

ಮೀನೆಂದರೆ ಮೀನೇ. ವಿಜಯನಗರದ ಅತ್ತಿಗೆಯ ಬಾಣಲೆಯನ್ನು ಯಾರೋ ತಂದು ನನ್ನ ಮೂಗಿನ ಕೆಳಗೆ ಹಿಡಿದ ಹಾಗೆ. ಒಳಗಿನ ಕೋಣೆಯಿಂದ ಇವರು, ನೆಗಡಿಯ ಮೂಗಿನಲ್ಲೇ, "ಅಕ್ಕ ಬಂದವ್ಳಾ?" ಎಂದು ಕೇಳಿದರು.

ನಾನು ಸೌಟನ್ನು ಸಿಂಕಿಗೆ ಎಸೆದು ನಲ್ಲಿ ತಿರುಗಿಸಿದೆ. ಅದರಿಂದ ಇನ್ನಷ್ಟು ಹೊಗೆ. ನಮ್ಮ ಕಿಟಕಿ ತೆರೆಯುವುದು ಸೀದಾ ತೊಟ್ಟಿಗೆ. ವಾಸನೆ ಕೆಳಗಿಳಿಯಿತು ಎಂದು ನನಗೆ ಹೇಗೆ ಗೊತ್ತಾಯಿತೆಂದರೆ, ಕೆಳಗೆ ಕೇಳುತ್ತಿದ್ದ ಮಂತ್ರ ನಡುವೆಯೇ ನಿಂತುಹೋಯಿತು.

ಆ ಮೌನದಲ್ಲಿ ಸೊಸೆಯ ದನಿ, "ಅಮ್ಮಾ, ಮೇಲುಗಡೆ ಮೀನು ಹುರೀತಿದ್ದಾರೆ!"

ಮೆಟ್ಟಿಲ ಮೇಲೆ ಹೆಜ್ಜೆ. ಅಮ್ಮಾವ್ರ ಮಗ, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಒದ್ದೆ ಪಂಚೆಯಲ್ಲಿ, ಬೆರಳಲ್ಲಿ ದರ್ಭೆಯ ಪವಿತ್ರ ಹಾಗೇ ಇತ್ತು. ನಮ್ಮ ಹೊಸಿಲಿನ ಆಚೆಯೇ ನಿಂತರು.

"ಏನ್ರೀ ಇದು? ಇಷ್ಟು ವರ್ಷ ಒಂದು ಮಾತು ಬಂದಿಲ್ಲ. ಇವತ್ತೇ ಬೇಕಾಗಿತ್ತಾ?"

"ಸಾರ್, ಅದು ಮೀನಲ್ಲ" ಎಂದೆ.

"ಭಾನುವಾರ ಬೇರೆ" ಎಂದರು ಅವರು, ನನ್ನ ಮುಖ ನೋಡದೆ.

ಇವರಿಗೆ ಸಿಟ್ಟು ಬಂತು. "ಸಾರ್, ನಾವು ಮಾತಿಗೆ ತಪ್ಪೋ ಜನ ಅಲ್ಲ! ಬೇಕಾದ್ರೆ ಒಳಗೆ ಬಂದು ಪಾತ್ರೆ ಎಲ್ಲಾ ನೋಡ್ಕೊಳ್ಳಿ!"

"ನಾನು ಮಡೀಲಿದ್ದೀನಿ ಮೇಷ್ಟ್ರೇ. ಬರೋಕ್ಕಾಗಲ್ಲ. ಪುರೋಹಿತರು ಹೇಳ್ತಿದ್ದಾರೆ, ಇದು ಮೀನೇ ಆದ್ರೆ ಮಾಡಿದ ಅಡುಗೆ ಅಷ್ಟೂ ಚೆಲ್ಲಿ ಮತ್ತೆ ಶುರು ಮಾಡ್ಬೇಕಂತೆ. ಅಮ್ಮ ಬೆಳಗಿಂದ ಒಂದು ತೊಟ್ಟು ನೀರು ಕುಡಿದಿಲ್ಲ."

ಆ ಕೊನೆಯ ಮಾತು ಕೇಳಿದ ಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಸೀಸೆ ತೆಗೆದುಕೊಂಡೆ, ಸೌಟು ತೆಗೆದುಕೊಂಡೆ, ಸೆರಗು ಸಿಕ್ಕಿಸಿಕೊಂಡು ಇಳಿದೆ. ಹೆದರಿಕೆ ಇತ್ತು, ಸರಿ. ಆದರೆ ಅದರ ಜೊತೆಗೆ ಇನ್ನೊಂದೂ ಇತ್ತು, ಹೇಳಿದರೆ ನಗುತ್ತೀರಿ. ಬೀಜದ ಎಣ್ಣೆಗೆ ಮೀನಿನ ವಾಸನೆ ಎಲ್ಲಿಂದ ಬಂತು ಎಂಬ ಆಶ್ಚರ್ಯ! ಆ ಗಲಾಟೆಯಲ್ಲೂ ನನ್ನ ಮನಸ್ಸಿನ ಒಂದು ಮೂಲೆ ಅದನ್ನೇ ಹಿಡಿದುಕೊಂಡು ಕುಣಿಯುತ್ತಿತ್ತು.

ತೊಟ್ಟಿಯ ಕಂಬದ ಪಕ್ಕ ಅಮ್ಮಾವ್ರು ನಿಂತಿದ್ದರು. ನನಗಿಂತ ಒಂದು ಗೇಣು ಗಿಡ್ಡ, ಆದರೆ ಆವತ್ತು ಹಾಗೆ ಕಾಣಲಿಲ್ಲ.

"ಮೀನಾ?" ಎಂದರು. ಒಂದೇ ಪದ.

"ಅಲ್ಲ ಅಮ್ಮಾವ್ರೇ. ಅಗಸೆ ಬೀಜದ ಎಣ್ಣೆ. ಪುಡಿ ಕೊಟ್ಟಿದ್ದೆನಲ್ಲ, ಅದೇ ಬೀಜ. ಒಗ್ಗರಣೆಗೆ ಹಾಕ್ಬುಟ್ಟೆ."

ಪುರೋಹಿತರು ಕೂತಲ್ಲಿಂದಲೇ ಕತ್ತು ಚಾಚಿದರು. ಅವರ ಅಂಗೈಯಲ್ಲಿ ಕರಿ ಎಳ್ಳು ಇನ್ನೂ ಹಾಗೇ ಇತ್ತು. "ಎಲ್ಲಿ, ಮುಚ್ಚಳ ತೆಗೆದು ಆ ಕಟ್ಟೆ ಮೇಲಿಟ್ಟು ಹಿಂದೆ ಸರಿಯಿರಿ, ನೋಡೋಣ." ಇಟ್ಟೆ. ಅವರು ಎದ್ದು ಬಂದು, ಮುಟ್ಟದೆ ಬಗ್ಗಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಇದರಲ್ಲಿ ಮೀನಿನ ವಾಸನೆಯೇ ಇಲ್ಲವಲ್ಲ ತಾಯಿ!"

ಹೌದು, ತಣ್ಣಗಿರುವಾಗ ಅದಕ್ಕೆ ಆ ವಾಸನೆಯೇ ಇಲ್ಲ. ನಾನೇ ನೆಕ್ಕಿ ನೋಡಿದ್ದೆನಲ್ಲ! ನನ್ನ ಸಾಕ್ಷಿಯೇ ನನ್ನ ವಿರುದ್ಧ ನಿಂತಿತ್ತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ, "ನೋಡಿದ್ರಾ?" ಎಂದಳು.

"ಕಾಯಿಸಿದ್ರೆ ಮಾತ್ರ ಬರುತ್ತೆ" ಎಂದೆ. "ಈಗಲೇ ಕಾಯಿಸಿ ತೋರಿಸ್ತೀನಿ."

"ಇಲ್ಲೇ? ತಿಥಿ ಮನೇಲಿ? ಇನ್ನೊಂದು ಸಲ?" ಅಮ್ಮಾವ್ರ ಮಗ ಎರಡೂ ಕೈ ಮೇಲೆತ್ತಿದರು.

ಅಮ್ಮಾವ್ರು ಅವರನ್ನು ನೋಡಲೂ ಇಲ್ಲ. "ಹಿತ್ತಲಲ್ಲಿ ಹಂಡೆ ಒಲೆ ಇನ್ನೂ ಆರಿಲ್ಲ. ಅಲ್ಲಿ ಕಾಯಿಸಲಿ. ನಾನೂ ಬರ್ತೀನಿ. ಸ್ವಾಮಿ, ನೀವೂ ಬನ್ನಿ. ನೀವು ನೋಡದೆ ಹೇಳಿದ ಮಾತು ನಂಗೆ ಬೇಡ."

ಹಿತ್ತಲಿಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಅಮ್ಮಾವ್ರು, ಅವರ ಹಿಂದೆ ಶಲ್ಯ ಸರಿಪಡಿಸಿಕೊಳ್ಳುತ್ತ ಪುರೋಹಿತರು, ಆಮೇಲೆ ಒದ್ದೆ ಪಂಚೆಯ ಮಗ, ಮೂಗು ಮುಚ್ಚಿದ ಸೊಸೆ. ಯಾರಿಗೂ ತಗುಲದಂತೆ ಮಾರು ದೂರದಲ್ಲಿ ನಾನು. ನನ್ನ ಹಿಂದೆ ಸೀನುತ್ತ ನಮ್ಮ ಮೇಷ್ಟ್ರು. ಸ್ನಾನದ ನೀರು ಕಾಯಿಸಿದ ಒಲೆಯಲ್ಲಿ ಕೆಂಡ ಹೊಳೆಯುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಸೌಟಿಗೆ ಎಣ್ಣೆ ಬಗ್ಗಿಸಿ ಕೆಂಡದ ಮೇಲೆ ಹಿಡಿದೆ.

ಏನೂ ಇಲ್ಲ.

ಎಣ್ಣೆ ಸೌಟಿನಲ್ಲಿ ತಣ್ಣಗೆ ಹೊಳೆಯುತ್ತ ಕೂತಿತ್ತು, ಏನೂ ಅರಿಯದ ಮಗುವಿನ ಹಾಗೆ. ಮೂಸಿದರೆ ಕಡಲೆಕಾಯಿ ವಾಸನೆ. ಪುರೋಹಿತರು ಗಂಟಲು ಸರಿಮಾಡಿಕೊಂಡರು. ಮಗ ಬಿಸಿಲು ಎಷ್ಟು ಏರಿದೆ ಎಂದು ಮೇಲೆ ನೋಡಿದರು. ಕೆಂಡದ ಶಾಖ ಸಾಲುತ್ತಿಲ್ಲ ಎಂದು ನನಗೆ ಹೊಳೆಯಿತು. ಊದುಗೊಳವೆ ಎಲ್ಲಿ? ಕಣ್ಣಿಗೆ ಬೀಳಲಿಲ್ಲ. ಬಗ್ಗಿ ಬಾಯಲ್ಲೇ ಊದಿದೆ. ಬೂದಿ ಎದ್ದು ಕಣ್ಣಿಗೆ ಬಿತ್ತು.

"ಬುಡು, ಬುಡು, ನಾನು ಊದ್ತೀನಿ" ಎಂದು ಇವರು ಪಕ್ಕಕ್ಕೆ ಬಂದು ಕೂತರು. ದಿನಾ ಸೀಟಿ ಊದುವ ಬಾಯಿ. ಒಂದೇ ಉಸಿರಿಗೆ ಕೆಂಡವೆಲ್ಲ ಕೆಂಪಗೆ ಎದ್ದಿತು, ತೆಂಗಿನ ಗರಿಯೊಂದು ಹತ್ತಿಕೊಂಡಿತು.

ಸೌಟಿನ ಅಂಚಿನಲ್ಲಿ ಎಣ್ಣೆ ನಡುಗಿತು. ಸಣ್ಣಗೆ ಹೊಗೆ. ಮೊದಲು ಬಂದದ್ದು ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ. "ಇದಲ್ಲ, ಇದಲ್ಲ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಹೊಗೆ ದಪ್ಪವಾಯಿತು. ಆಮೇಲೆ ಬಂತು ನೋಡಿ! ಕಾವೇರಿಯಿಂದ ಆಗ ತಾನೇ ಎತ್ತಿ ಬಾಣಲೆಗೆ ಹಾಕಿದ ಹಾಗೆ!

"ಬಂತು! ಬಂತು ಅಮ್ಮಾವ್ರೇ! ಮೂಸಿ, ಮೂಸಿ!"

ತಿಥಿಯ ಮನೆಯಲ್ಲಿ ಮೀನಿನ ವಾಸನೆ ಬಂತೆಂದು ಕುಣಿದವಳು ಇಡೀ ಅಗ್ರಹಾರದಲ್ಲಿ ನಾನೊಬ್ಬಳೇ ಇರಬೇಕು.

ಪುರೋಹಿತರು ಶಲ್ಯವನ್ನು ಮೂಗಿಗೆ ಒತ್ತಿಕೊಂಡು ಹಿಂದಕ್ಕೆ ಹಾರಿದರು. ಹಾರಿದವರು ನಗಲು ಶುರುಮಾಡಿದರು. "ರಾಮ ರಾಮ! ಬೀಜದ ಹೊಟ್ಟೆಯೊಳಗೆ ಈ ಪಾಟಿ ಮೀನು ಎಲ್ಲಿ ಅಡಗಿತ್ತು ತಾಯಿ? ಸಾಕು, ಸಾಕು, ಇಳಿಸಿ!"

ಅಮ್ಮಾವ್ರು ಮಾತ್ರ ಹಿಂದೆ ಸರಿಯಲಿಲ್ಲ. ಸೌಟಿನ ಕಡೆಗೆ ಬಗ್ಗಿ ಉದ್ದಕ್ಕೆ ಮೂಸಿದರು, ಬೇಳೆ ಬೆಂದಿದೆಯೇ ಎಂದು ಮೂಸುವ ಹಾಗೆ. "ಅದೇ ವಾಸನೆ. ಸ್ವಾಮಿ, ಕಂಡಿರಲ್ಲ. ದೋಷ ಉಂಟೋ?"

"ಗಿಡದ ಬೀಜಕ್ಕೆ ಏನು ದೋಷ? ಒಂದು ಸಲ ನೀರು ಪ್ರೋಕ್ಷಣೆ ಮಾಡಿ ಮುಂದುವರಿಸೋಣ. ನಡಿಯಪ್ಪಾ, ಹೊತ್ತು ಮೀರುತ್ತೆ" ಎಂದು ಅವರು ಮಗನನ್ನು ಕರೆದುಕೊಂಡು ಹೋದರು. ಮಗ ಹೋಗುವಾಗ ತಿರುಗಿ ನಿಂತು, "ಮೇಷ್ಟ್ರೇ... ತಪ್ಪು ತಿಳ್ಕೋಬೇಡಿ" ಎಂದರು. ಇವರು ಉತ್ತರವಾಗಿ ಸೀನಿದರು.

ಮಧ್ಯಾಹ್ನ ಬ್ರಾಹ್ಮಣರ ಊಟ ಮುಗಿದ ಮೇಲೆ ಸೊಸೆಯೇ ಮೇಲೆ ಬಂದು ವಡೆ, ಪಾಯಸ, ಎಳ್ಳುಂಡೆ ಕೊಟ್ಟುಹೋದಳು. ಎಂದಿಗಿಂತ ಎರಡು ವಡೆ ಜಾಸ್ತಿಯೇ ಇತ್ತು. ಇವರು ಕೈ ಹಾಕಿದಾಗ, "ಕರಿದದ್ದು!" ಎಂದು ನಾನು ಕಣ್ಣು ಬಿಟ್ಟೆ. "ಇವತ್ತು ನಾನು ಊದಿಲ್ದೇ ಇದ್ದಿದ್ರೆ ನಿನ್ನ ಕಥೆ ಏನಾಗ್ತಿತ್ತು?" ಎಂದು ವಡೆ ಮುರಿದರು. ಉಳಿದದ್ದನ್ನು ನಾನು ನನ್ನ ತಟ್ಟೆಗೆ ಎಳೆದುಕೊಂಡೆ.

ಸಂಜೆ ಆ ಹುಡುಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆಕೆ ನಕ್ಕು ನಕ್ಕು ಸಾಕಾಗಿ ಆಮೇಲೆ ವಿವರಿಸಿದರು. ಒಮೆಗಾ ತ್ರೀ ಬಹಳ ಸೂಕ್ಷ್ಮವಂತೆ. ಶಾಖ, ಬೆಳಕು, ಗಾಳಿ, ಮೂರೂ ಅದಕ್ಕೆ ಆಗುವುದಿಲ್ಲ. ಕಾದರೆ ಒಡೆದುಹೋಗುತ್ತದೆ, ಒಡೆದಾಗ ಬರುವ ವಾಸನೆಯೇ ಅದು. ಮೀನಿನಲ್ಲಿರುವುದೂ ಇದರ ಬಳಗದ್ದೇ ಆದ್ದರಿಂದ ಮೂಗಿಗೆ ಎರಡೂ ಒಂದೇ ಥರ ಅನ್ನಿಸುತ್ತದೆ. ನಾನು ಸೀಸೆಯನ್ನು ಕಿಟಕಿಯಲ್ಲಿ, ಒಲೆಯ ಪಕ್ಕದಲ್ಲಿಟ್ಟದ್ದೂ ಸೇರಿಕೊಂಡು ಎಣ್ಣೆ ಇನ್ನೂ ಬೇಗ ಕೆಟ್ಟಿತ್ತಂತೆ. "ಆಂಟಿ, ಒಗ್ಗರಣೇನೂ ಅಡುಗೆನೇ!" ಎಂದರು. ಇಷ್ಟು ವಯಸ್ಸಿಗೆ ನನಗೆ ಅದು ಹೊಸ ವಿಷಯ.

ಫೋನಿಟ್ಟು ತಿರುಗಿದರೆ ಅಮ್ಮಾವ್ರು ನಮ್ಮ ಬಾಗಿಲಲ್ಲಿ. ಮಂಡಿ ನೋವೆಂದು ಅವರು ಮೆಟ್ಟಿಲು ಹತ್ತಿ ಬರುವುದು ಅಪರೂಪ. ಕುರ್ಚಿ ಹಾಕಿದೆ. ಕೂತು, ಉಸಿರು ಸರಿಮಾಡಿಕೊಂಡು, ಸೀದಾ ವಿಷಯಕ್ಕೆ ಬಂದರು.

"ನೋಡು, ಒಂದು ಮಾತು ಹೇಳ್ಬಿಡ್ತೀನಿ. ನೀನು ಅಲ್ಲ ಅಂದಾಗ ನಾನು ನಂಬಲಿಲ್ಲ ಕಣೇ. ವಾಸನೆ ಬಂದ ಮೇಲೇ ನಂಬಿದ್ದು."

"ನಾನೇ ಆಗಿದ್ರೂ ನಂಬ್ತಿರಲಿಲ್ಲ ಅಮ್ಮಾವ್ರೇ" ಎಂದೆ. ನಿಜವಾಗಿಯೂ ನನಗೆ ಬೇಜಾರಾಗಲಿಲ್ಲ. ಕೆಳಗೆ ಉಳಿದು, 'ನಂಗೆ ಮೊದಲೇ ಗೊತ್ತಿತ್ತು' ಎಂದು ಸುಮ್ಮನೆ ಹೇಳಿ ಕಳಿಸಬಹುದಿತ್ತು ಅವರು. ನಂಬಲಿಲ್ಲ ಎಂದು ಒಪ್ಪಿಕೊಳ್ಳಲು ಆ ಮಂಡಿಯಲ್ಲಿ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

"ಹೂಂ" ಎಂದು ಮಂಡಿ ನೀವಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ನಮ್ಮ ಡಾಕ್ಟ್ರು ನಂಗೂ ಒಂದು ಮಾತ್ರೆ ಬರೆದಿದ್ರು. ಜಿಗಜಿಗ ಅನ್ನುತ್ತೆ, ಚೆನ್ನಾಗಿದೆ ನೋಡೋಕೆ. ಡಬ್ಬಿ ಮೇಲೆ ಮೀನಿನ ಚಿತ್ರ. ನಾನು ಮುಟ್ಟಲಿಲ್ಲ. ಆ ಮಾತ್ರೇಲಿರೋದು, ನಿನ್ನ ಈ ಎಣ್ಣೇಲಿರೋದು ಒಂದೇನಾ?"

ನನಗೆ ಇದಕ್ಕಿಂತ ಏನು ಬೇಕು! ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು, ಆ ಹುಡುಗಿ ಹೇಳಿದ್ದನ್ನೆಲ್ಲ ಒಪ್ಪಿಸಲು ಶುರುಮಾಡಿದೆ. ಒಂದೇ ಅಲ್ಲ, ಒಂದೇ ಬಳಗ. ಬೀಜದ್ದನ್ನು ನಮ್ಮ ದೇಹ ಮೀನಿನ ಥರದ್ದಕ್ಕೆ ಬದಲಾಯಿಸಿಕೊಳ್ಳುತ್ತದೆ, ಆದರೆ ಸ್ವಲ್ಪವೇ ಸ್ವಲ್ಪ. "ಇನ್ನೊಂದು ಕೇಳಿ ಅಮ್ಮಾವ್ರೇ, ಮೀನು ಕೂಡ ಅದನ್ನ ತಾನಾಗೇ ತಯಾರು ಮಾಡಲ್ವಂತೆ. ನೀರಲ್ಲಿರೋ ಪಾಚಿಯಿಂದ ಬರೋದಂತೆ. ಪಾಚಿನ ಸಣ್ಣ ಹುಳ ತಿನ್ನುತ್ತೆ, ಆ ಹುಳನ ಮೀನು ತಿನ್ನುತ್ತೆ. ಈಗ ಸೀದಾ ಪಾಚಿಯಿಂದಲೇ ಮಾತ್ರೆ ಮಾಡ್ತಾರಂತೆ. ನಿಮ್ಮ ಡಾಕ್ಟ್ರನ್ನ ಕೇಳಿ ನೋಡಿ."

"ಪಾಚಿಯಾ?" ಅವರು ಕಣ್ಣರಳಿಸಿದರು. "ಹಂಗಾದ್ರೆ ಮೀನೂ ಸಸ್ಯಾಹಾರಿ ಮನೇಲಿ ಬಾಡಿಗೆಗಿತ್ತು ಅನ್ನು!"

ಇಬ್ಬರೂ ನಕ್ಕೆವು. ಇವರು ಒಳಗಿನಿಂದ, "ನೋಡಿ ಅಮ್ಮಾವ್ರೇ, ಎಲ್ಲಾ ಒಂದೇ ಅಂದ್ಮೇಲೆ..." ಎಂದು ಶುರುಮಾಡಿದರು. "ಮೇಷ್ಟ್ರೇ, ಆ ಆಸೆ ಬಿಡಿ" ಎಂದರು ಅಮ್ಮಾವ್ರು. ಅಲ್ಲಿಗೆ ಮುಗಿಯಿತು.

ಕೆಟ್ಟ ಸೀಸೆ ಎಸೆದು ಹೊಸದು ತಂದೆ. ಈ ಸಲ ಅದರ ಜಾಗ ಫ್ರಿಜ್ಜಿನೊಳಗೆ, ಮೊಸರಿನ ಪಕ್ಕ. ಒಗ್ಗರಣೆ ಎಂದಿನಂತೆ ಕಡಲೆಕಾಯಿ ಎಣ್ಣೆಯಲ್ಲೇ. ಇದನ್ನು ತಟ್ಟೆಗೆ ಬಡಿಸಿದ ಮೇಲೆ, ಅನ್ನ ಸ್ವಲ್ಪ ಆರಿದ ಮೇಲೆ, ಚಟ್ನಿಪುಡಿಗೆ ತುಪ್ಪ ಹಾಕಿಕೊಳ್ಳುವ ಹಾಗೆ ಹಾಕುವುದು. ಮೂರು ತಿಂಗಳು ಕಳೆದು ಇವರ ರಕ್ತ ನೋಡಿಸಿದಾಗ ಕೊಬ್ಬು ಇಳಿದಿತ್ತು. ನಾನು ಕ್ಲಿನಿಕ್ಕಿನಲ್ಲೇ ಕುಣಿಯುವುದೊಂದು ಬಾಕಿ. ಡಾಕ್ಟರು ನನ್ನ ಉತ್ಸಾಹ ನೋಡಿ, "ಅಗಸೆಗೊಂದು ಪಾಲು ಕೊಡಿ, ಬೋಂಡ ಬಿಟ್ಟಿದ್ದಕ್ಕೂ ನಡೆದಿದ್ದಕ್ಕೂ ಪಾಲಿದೆ" ಎಂದರು. ಇರಲಿ. ಮಾತ್ರೆ ಸದ್ಯಕ್ಕೆ ಬೇಡವೆಂದರು.

ಆ ದಿನ ಸಂಜೆ ಸುದ್ದಿ ಹೇಳಲು ಕೆಳಗಿಳಿದರೆ ಅಮ್ಮಾವ್ರು ಊಟಕ್ಕೆ ಕೂತಿದ್ದರು. ಮುಂದೆ ಅನ್ನ, ನಾನು ಕೊಟ್ಟಿದ್ದ ಅಗಸೆ ಪುಡಿ, ಈ ಸಲ ಇಂಗು ಹಾಕಿದ್ದು.

"ತಂದಿದ್ದೀಯಾ ಆ ಸೀಸೆ? ಹಾಕು, ನಂಗೂ ಒಂದಿಷ್ಟು."

"ನಿಮ್ಮ ತಟ್ಟೆಗಾ?"

"ಮತ್ತೆ ಕೆಂಡಕ್ಕಾ? ಹಾಕೇ."

ಓಡಿಹೋಗಿ ಫ್ರಿಜ್ಜಿನಿಂದ ತಂದೆ. ನನ್ನ ಕೈಯಿಂದಲೇ ಅವರ ಅನ್ನದ ಮೇಲೆ ಚಿಕ್ಕ ಚಮಚದಲ್ಲಿ ಬಿಟ್ಟೆ. ಅವರು ಕಲಸಿದರು. ಒಂದು ತುತ್ತು ಎತ್ತಿ ಬಾಯಿಗೆ ಹಾಕುವ ಮೊದಲು ಮೂಗಿನ ಹತ್ತಿರ ಹಿಡಿದರು. ನಾನು ಉಸಿರು ಬಿಗಿಹಿಡಿದು ನಿಂತೆ, ಇವರ ರಿಪೋರ್ಟು ಕೈಗೆ ಬಂದಾಗಲೂ ಹಾಗೆ ನಿಂತಿರಲಿಲ್ಲ. ಅವರು ಅಗಿದರು, ನುಂಗಿದರು. ತಟ್ಟೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿದರು.

"ಮೀನಿನ ವಾಸನೆ ಬರಲೇ ಇಲ್ವಲ್ಲೇ!" ಎಂದರು, ಸ್ವಲ್ಪ ನಿರಾಸೆಯಿಂದ.